ಓಟ ಬೇರೆ, ಉಳಿವು ಬೇರೆ: ಗಿಡಮೂಲಿಕೆಯ ಸಾರ ಮತ್ತು ವೀರ್ಯಾಣು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ತಿಳಿದ ಕೂಡಲೇ ಹೆಚ್ಚಿನವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ವೀರ್ಯಾಣುವಿಗೆ ಯಾವ ಗಿಡ ಒಳ್ಳೆಯದು? ಮಕ್ಕಳಾಗಲಿಲ್ಲವೆಂದು ವರ್ಷಗಟ್ಟಲೆ ಕಾದವರಿಗೆ ಅದು ಕುತೂಹಲದ ಪ್ರಶ್ನೆಯಲ್ಲ, ನೋವಿನ ಪ್ರಶ್ನೆ. ಆದ್ದರಿಂದಲೇ ಒಂದು ಗಿಡದ ಹೆಸರು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಒಂದೇ ಸಾರ ಒಂದು ಪ್ರಮಾಣದಲ್ಲಿ ವೀರ್ಯಾಣುವನ್ನು ಕಾಪಾಡುತ್ತದೆ, ಹತ್ತು ಪಟ್ಟು ಪ್ರಮಾಣದಲ್ಲಿ ಕೊಲ್ಲುತ್ತದೆ. ಗಾಜಿನ ತಟ್ಟೆಯಲ್ಲಿ ಅದ್ಭುತವಾಗಿ ಕೆಲಸ ಮಾಡಿದ್ದು ಹೊಟ್ಟೆಗೆ ಹೋದರೆ ಏನನ್ನೂ ಮಾಡದಿರಬಹುದು. ಅಳೆದದ್ದು ಏನು, ಎಷ್ಟು ಹೊತ್ತು, ಎಲ್ಲಿ, ಯಾವುದಕ್ಕೆ ಹೋಲಿಸಿ ಎಂಬುದು ಗೊತ್ತಾಗುವವರೆಗೆ “ಒಳ್ಳೆಯದು” ಎಂಬ ಮಾತಿಗೆ ತೂಕವಿಲ್ಲ.

ಮೊದಲು ಈ ಜೀವಕೋಶವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1677ರಲ್ಲಿ ಆಂಟನಿ ವಾನ್ ಲೇವನ್‌ಹುಕ್ ತನ್ನ ಕೈಯಾರೆ ಉಜ್ಜಿ ಮಾಡಿದ ಮಸೂರದ ಕೆಳಗೆ ಇದನ್ನು ಕಂಡ. ತಲೆಯಿಂದ ಬಾಲದ ತುದಿಯವರೆಗೆ ಸುಮಾರು 50ರಿಂದ 60 ಮೈಕ್ರೋಮೀಟರ್ ಉದ್ದ. ತಲೆ ಅದರಲ್ಲಿ 4–5 ಮೈಕ್ರೋಮೀಟರ್ ಅಷ್ಟೇ, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಬಾಲ. ಬಾಲದ ಒಳಗೆ ಸೂಕ್ಷ್ಮ ನಳಿಕೆಗಳ ಒಂಬತ್ತು ಜೋಡಿ ಸುತ್ತಲೂ, ನಡುವೆ ಇನ್ನೆರಡು ನಳಿಕೆ. ಡೈನೀನ್ ಎಂಬ ಪ್ರೋಟೀನು ಕೋಶದ ಇಂಧನವಾದ ಎಟಿಪಿಯನ್ನು ಖರ್ಚು ಮಾಡಿ ಈ ಜೋಡಿಗಳನ್ನು ಒಂದರ ಪಕ್ಕ ಒಂದು ಜಾರಿಸುತ್ತದೆ, ಬಾಲ ಬಳುಕುತ್ತದೆ. ಎಟಿಪಿ ಬರುವುದು ಕುತ್ತಿಗೆಯ ಹಿಂದೆ ಸುರುಳಿ ಸುತ್ತಿಕೊಂಡ ಮೈಟೊಕಾಂಡ್ರಿಯಾ ಎಂಬ ಶಕ್ತಿಘಟಕಗಳಿಂದ, ಮತ್ತು ಬಾಲದುದ್ದಕ್ಕೂ ನಡೆಯುವ ಸಕ್ಕರೆಯ ವಿಭಜನೆಯಿಂದ.

ಇಷ್ಟು ಚುರುಕಾದ ಕೋಶಕ್ಕೆ ಮೂರು ಬಡತನಗಳಿವೆ. ಒಂದು, ಅದರ ಡಿಎನ್‌ಎ ಬಿಗಿಯಾಗಿ ಮಡಚಿ ಕೂತಿರುವುದರಿಂದ ಹಳೆಯ ಪ್ರೋಟೀನು ಕೆಟ್ಟರೆ ಹೊಸದನ್ನು ಮಾಡಿಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಇಲ್ಲ. ಎರಡು, ಕೋಶದ್ರವ ತೀರಾ ಕಡಿಮೆ, ಹಾಗಾಗಿ ಅದರಲ್ಲಿರಬೇಕಾದ ರಕ್ಷಣೆಯ ಕಿಣ್ವಗಳೂ ಕಡಿಮೆ. ಮೂರು, ಹೊರಪೊರೆಯಲ್ಲಿ ಬೇಗ ಉತ್ಕರ್ಷಣೆಗೆ, ಅಂದರೆ ಆಮ್ಲಜನಕದಿಂದಾಗುವ ಕೆಡುವಿಕೆಗೆ, ಒಳಗಾಗುವ ಕೊಬ್ಬಿನಾಮ್ಲಗಳು ತುಂಬಿವೆ. ಆ ಕೊಬ್ಬಿನಾಮ್ಲಗಳಿಂದಲೇ ಪೊರೆ ಮೃದುವಾಗಿ ಬಳುಕುತ್ತದೆ, ಅವುಗಳಿಂದಲೇ ಬೇಗ ಕೆಡುತ್ತದೆ ಕೂಡ. ಇವಿಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಗಿಡದ ಸಾರ ಇದಕ್ಕೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಅರ್ಧ ಅರ್ಥವಾದಂತೆ. ಪೂರ್ತಿ ಬೆಳೆದ ವೀರ್ಯಾಣುವಿನ ಮೇಲೆ ಸಾರ ಸುರಿದರೆ ಅದು ಯಾವ ಜೀನನ್ನೂ ಎಬ್ಬಿಸಲಾರದು. ಮುಟ್ಟುವುದಾದರೆ ಇರುವುದನ್ನೇ ಮುಟ್ಟಬೇಕು: ಪೊರೆ, ಪೊರೆಯಲ್ಲಿನ ಅಯಾನು (ವಿದ್ಯುದಾವೇಶ ಹೊತ್ತ ಕಣ) ಬಾಗಿಲುಗಳು, ಕಿಣ್ವಗಳು, ಮೈಟೊಕಾಂಡ್ರಿಯಾ. ಮನುಷ್ಯ ನುಂಗಿದ ಸಾರದ ದಾರಿಯೇ ಬೇರೆ. ಅದು ವೃಷಣದಲ್ಲಿ ವೀರ್ಯಾಣು ತಯಾರಾಗುವ ಹಂತದಲ್ಲಿ ಕೈಹಾಕುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿದ ಗೊಂದಲ ಈ ಕ್ಷೇತ್ರದಲ್ಲಿ ಬಹಳ.

ಇನ್ನೊಂದು ಗೊಂದಲ ಚಲನೆಗೂ ಬದುಕಿಗೂ ಇರುವ ವ್ಯತ್ಯಾಸದ್ದು. ಅಲುಗಾಡದ ವೀರ್ಯಾಣು ಸತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ಸತ್ತಿರಬೇಕೆಂದೇನೂ ಇಲ್ಲ. ಇಯೋಸಿನ್ ಎಂಬ ಬಣ್ಣ ಹಾಕಿ ನೋಡುವ ಪರೀಕ್ಷೆಯಿದೆ. ಪೊರೆ ಹರಿದ, ಅಂದರೆ ಸತ್ತ ವೀರ್ಯಾಣುವಿನ ತಲೆ ಗುಲಾಬಿಯಾಗುತ್ತದೆ. ಬದುಕಿರುವುದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಳಿಯಾಗಿಯೇ ಉಳಿಯುತ್ತದೆ. ತೆಳು ದ್ರಾವಣದಲ್ಲಿ ಬಿಟ್ಟು ಬಾಲ ಉಬ್ಬಿ ಸುರುಟಿಕೊಳ್ಳುತ್ತದೆಯೇ ಎಂದು ನೋಡುವ ವಿಧಾನವೂ ಇದೆ. ಪೊರೆ ಸರಿಯಿದ್ದರೆ ಮಾತ್ರ ಹಾಗೆ ಉಬ್ಬುತ್ತದೆ. ಬಾಲದ ರಚನೆಯಲ್ಲೇ ಜನ್ಮತಃ ದೋಷವಿರುವವರಲ್ಲಿ ವೀರ್ಯಾಣುಗಳು ಚೆನ್ನಾಗಿ ಬದುಕಿದ್ದೂ ಒಂದಿಷ್ಟೂ ಮುಂದೆ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ 2021ರ ಆರನೆಯ ಆವೃತ್ತಿ ಎರಡನ್ನೂ ಬೇರೆಬೇರೆಯಾಗಿಯೇ ಕೊಡುತ್ತದೆ. ಒಂದು ವರ್ಷದೊಳಗೆ ಸಂಗಾತಿ ಗರ್ಭ ಧರಿಸಿದ ಗಂಡಸರ ಸಾಲಿನಲ್ಲಿ ಕೆಳಗಿನಿಂದ ಶೇ. 5ರ ಮಟ್ಟ, ಅಂದರೆ ಅವರಲ್ಲಿ ನೂರಕ್ಕೆ ಐವರು ಮಾತ್ರ ಇದಕ್ಕಿಂತ ಕೆಳಗಿದ್ದ ಮಟ್ಟ, ಇದು: ಒಟ್ಟು ಚಲನೆ ಶೇ. 42, ಮುಂದಕ್ಕೆ ಸಾಗುವ ಚಲನೆ ಶೇ. 30, ಬದುಕಿರುವವು ಶೇ. 54. ಈ ಅಂಕಿಗಿಂತ ಕೆಳಗಿದ್ದವರಿಗೆ ಮಕ್ಕಳಾಗುವುದೇ ಇಲ್ಲ ಎಂದೇನೂ ಅಲ್ಲ. ವರದಿ ಕೈಯಲ್ಲಿ ಹಿಡಿದು ಕುಸಿದು ಕೂತವರನ್ನು ನೋಡಿದ್ದೇನೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಸಾರಗಳ ವಿಷಯಕ್ಕೆ ಬರುವಾಗ ಎಲ್ಲರಿಗೂ ಪರಿಚಯವಿರುವ ಸಸ್ಯವಸ್ತುವಿನಿಂದ ಶುರುಮಾಡುತ್ತೇನೆ. ಕೆಫೀನ್. ಕಾಫಿಬೀಜದಲ್ಲೂ ಚಹಾ ಎಲೆಯಲ್ಲೂ ಇರುವಂಥದ್ದು. ಹೋರಿಯ ವೀರ್ಯಾಣುವಿನ ಉಸಿರಾಟವನ್ನೂ ಚಲನೆಯನ್ನೂ ಕೆಫೀನ್ ಹೆಚ್ಚಿಸುತ್ತದೆ ಎಂದು ಗಾರ್ಬರ್ಸ್ ಮತ್ತು ಸಂಗಡಿಗರು 1971ರಲ್ಲೇ ತೋರಿಸಿದರು. ಕಾರಣವೂ ಗೊತ್ತಿದೆ. ವೀರ್ಯಾಣುವಿನೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶಕ ಅಣು ಬಾಲಕ್ಕೆ “ಬಡಿ” ಎಂದು ಹೇಳುತ್ತದೆ. ಆ ಅಣುವನ್ನು ಒಡೆಯುವ ಕಿಣ್ವವನ್ನು ಕೆಫೀನ್ ತಡೆಯುತ್ತದೆ. ಸಂದೇಶ ನಿಲ್ಲದೆ ಬರುತ್ತದೆ, ಬಾಲ ಜೋರಾಗಿ ಬಡಿಯುತ್ತದೆ. ಸೂಕ್ಷ್ಮದರ್ಶಕದಡಿ ಈ ದೃಶ್ಯ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಆದರೆ ದೀಪದ ಬತ್ತಿ ಎತ್ತರಿಸಿದರೆ ಬೆಳಕೂ ಹೆಚ್ಚು, ಎಣ್ಣೆ ಮುಗಿಯುವುದೂ ಬೇಗ. ಹೀಗೆ ಓಡಿಸಿದ ವೀರ್ಯಾಣು ಬೇಗ ದಣಿಯಬಹುದು. ಅಂಡಾಣುವಿನ ಹತ್ತಿರ ಬಿಚ್ಚಿಕೊಳ್ಳಬೇಕಾದ ತಲೆಯ ಟೋಪಿಯನ್ನು, ಅಂದರೆ ಅಕ್ರೋಸೋಮನ್ನು, ಅಕಾಲದಲ್ಲೇ ಕಳಚಿಕೊಳ್ಳಲೂಬಹುದು. ಹತ್ತು ನಿಮಿಷದಲ್ಲಿ ಅಳೆದವರಿಗೆ ಕೆಫೀನ್ ಒಳ್ಳೆಯದಾಗಿ ಕಾಣುತ್ತದೆ, ಆರು ಗಂಟೆಯ ಮೇಲೆ ನೋಡಿದವರಿಗೆ ಚಿತ್ರ ಬೇರೆಯಾಗಿರಬಹುದು. ಹೆಣ್ಣಿನ ದೇಹದೊಳಗೆ ವೀರ್ಯಾಣು ಐದು ದಿನದವರೆಗೂ ಬದುಕಿ ಕಾಯಬೇಕಾಗಬಹುದು, ಅಂಡಾಣುವಿನ ಆಯುಷ್ಯವೋ ಬಿಡುಗಡೆಯಾದ ಮೇಲೆ 12ರಿಂದ 24 ಗಂಟೆ ಮಾತ್ರ. ಅಲ್ಲಿ ತಾಳ್ಮೆಗೆ ಬೆಲೆ ಹೆಚ್ಚು.

ಇನ್ನು ಪ್ರಮಾಣದ ಲೆಕ್ಕ. ಪ್ರಯೋಗಾಲಯದಲ್ಲಿ ಪರಿಣಾಮ ಕಾಣಲು ಕೆಲವು ಮಿಲಿಮೋಲಾರ್ ಕೆಫೀನ್ ಬೇಕು. ಮಿಲಿಮೋಲಾರ್ ಎಂದರೆ ದ್ರಾವಣದ ಗಾಢತೆಯ ಅಳತೆ. 5 ಮಿಲಿಮೋಲಾರ್ ಎಂದಿಟ್ಟುಕೊಳ್ಳಿ. ಅಂದರೆ ಲೀಟರಿಗೆ ಸುಮಾರು 970 ಮಿಲಿಗ್ರಾಂ. ಒಂದು ಲೋಟ ಕಾಫಿ ಕುಡಿದ ಮೇಲೆ ರಕ್ತದಲ್ಲಿ ಸಿಗುವುದು ಲೀಟರಿಗೆ ಬೆರಳೆಣಿಕೆಯ ಮಿಲಿಗ್ರಾಂ. ರಕ್ತದಲ್ಲಿ ಲೀಟರಿಗೆ 80–100 ಮಿಲಿಗ್ರಾಂ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ತಟ್ಟೆಯಲ್ಲಿ ವೀರ್ಯಾಣುವನ್ನು ಓಡಿಸಿದ ಪ್ರಮಾಣ ಮನುಷ್ಯನನ್ನು ಕೊಲ್ಲುವ ಪ್ರಮಾಣಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು! “ಇಂಥ ಗಿಡದ ಸಾರ ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಹಾಕಿದಾಗ ಚಲನೆ ಹೆಚ್ಚಿತು” ಎಂಬ ಸುದ್ದಿ ಕಂಡಾಗಲೆಲ್ಲ ದಯವಿಟ್ಟು ಇದೇ ಲೆಕ್ಕ ಹಾಕಿ. ಗಿಡಗಳಲ್ಲಿರುವ, ಉತ್ಕರ್ಷಣೆ ತಡೆಯುವ ಪಾಲಿಫಿನಾಲ್‌ಗಳು ಹೊಟ್ಟೆಗೆ ಹೋದ ಮೇಲೆ ಕರುಳಿನಲ್ಲೂ ಯಕೃತ್ತಿನಲ್ಲೂ ಬಹುಪಾಲು ರೂಪ ಬದಲಿಸುತ್ತವೆ. ರಕ್ತದಲ್ಲಿ ಉಳಿಯುವುದು ಸಾಮಾನ್ಯವಾಗಿ ಕೆಲವೇ ಮೈಕ್ರೋಮೋಲಾರ್ (ಮಿಲಿಮೋಲಾರಿನ ಸಾವಿರದಲ್ಲೊಂದು ಪಾಲು), ಹಲವು ಬಾರಿ ಅದಕ್ಕೂ ಕಡಿಮೆ. ವೃಷಣದೊಳಗೆ ಹೋಗಬೇಕೆಂದರೆ ಅಲ್ಲಿ ರಕ್ತಕ್ಕೂ ಬೆಳೆಯುವ ವೀರ್ಯಕೋಶಗಳಿಗೂ ನಡುವೆ ಸರ್ಟೋಲಿ ಕೋಶಗಳ ಗಟ್ಟಿ ತಡೆಯೊಂದು ಬೇರೆ ಇದೆ.

ಕೊಲ್ಲುವ ಸಾರಗಳ ವಿಷಯದಲ್ಲಿ ಫಲಿತಾಂಶ ಹೆಚ್ಚು ಖಚಿತ. ಅಂಟುವಾಳದ ಕಾಯನ್ನು ನೀರಿನಲ್ಲಿ ಉಜ್ಜಿದರೆ ನೊರೆ ಬರುತ್ತದಲ್ಲ, ಆ ನೊರೆಗೆ ಕಾರಣ ಸಪೋನಿನ್. ಅದು ಪೊರೆಯ ಕೊಲೆಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತದೆ. ಒಳಗಿನದು ಹೊರಗೆ, ಹೊರಗಿನದು ಒಳಗೆ. ಕ್ಷಣದಲ್ಲಿ ಓಟ ನಿಲ್ಲುತ್ತದೆ, ಬಣ್ಣದ ಪರೀಕ್ಷೆ ಮಾಡಿದರೆ ತಲೆಗಳೆಲ್ಲ ಗುಲಾಬಿ. ಇಂಥ ವಸ್ತುಗಳನ್ನು ಅಳೆಯಲು 1941ರಲ್ಲಿ ಸ್ಯಾಂಡರ್ ಮತ್ತು ಕ್ರೇಮರ್ ಒಂದು ಪರೀಕ್ಷೆ ಕೊಟ್ಟರು. 20 ಸೆಕೆಂಡಿನಲ್ಲಿ ಎಲ್ಲ ವೀರ್ಯಾಣುಗಳನ್ನೂ ನಿಲ್ಲಿಸುವ ಅತಿ ಕಡಿಮೆ ಪ್ರಮಾಣ ಎಷ್ಟು ಎಂಬುದೇ ಅದರ ಪ್ರಶ್ನೆ. ಬೇವಿನೆಣ್ಣೆಯ ಅಂಶಗಳು, ಅಂಟುವಾಳದ ಸಪೋನಿನ್‌ಗಳು ಈ ಬಗೆಯ ಪರೀಕ್ಷೆಯಲ್ಲಿ ಚೆನ್ನಾಗಿ ಕೆಲಸ ಮಾಡಿ, ಯೋನಿಯಲ್ಲಿ ಬಳಸುವ ಗರ್ಭನಿರೋಧಕಗಳಾಗಿ ಅಭಿವೃದ್ಧಿಯ ಹಂತದವರೆಗೂ ಹೋದವು.

ತೊಂದರೆ ಎಲ್ಲಿ ಎಂದರೆ, ಪೊರೆಯನ್ನು ಕರಗಿಸುವ ವಸ್ತುವಿಗೆ ವೀರ್ಯಾಣುವಿನ ಪೊರೆ ಯಾವುದು, ಹೆಣ್ಣಿನ ಯೋನಿಯ ಒಳಪದರದ ಪೊರೆ ಯಾವುದು ಎಂಬ ಭೇದ ಅಷ್ಟಾಗಿ ಗೊತ್ತಾಗುವುದಿಲ್ಲ. ನೊನಾಕ್ಸಿನಾಲ್–9 ಎಂಬ ಕೃತಕ ವಸ್ತು ಇದೇ ಬಗೆಯದು, ವೀರ್ಯಾಣುನಾಶಕವಾಗಿ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ತಟ್ಟೆಯಲ್ಲಿ ಅದು ಎಚ್‌ಐವಿಯನ್ನೂ ಕೊಲ್ಲುತ್ತಿತ್ತು, ಹಾಗಾಗಿ ಸೋಂಕನ್ನೂ ತಡೆದೀತು ಎಂಬ ಆಸೆ ಇತ್ತು. 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆದದ್ದು ತದ್ವಿರುದ್ಧ: ಪದೇಪದೇ ಬಳಸಿದ ಮಹಿಳೆಯರಲ್ಲಿ ಒಳಪದರ ಗಾಯಗೊಂಡು ಸೋಂಕು ಹೆಚ್ಚಾಯಿತು. ಈ ಮಾತನ್ನು ಸಪೋನಿನ್‌ಗಳಿಗೆ ನೇರವಾಗಿ ಅಂಟಿಸಲಾಗದು. ಆದರೆ ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಸೌಮ್ಯವಾಗಿರುತ್ತದೆ ಎಂದು ನಂಬಿ ಮನೆಯಲ್ಲೇ ಪ್ರಯೋಗ ಮಾಡಿಕೊಳ್ಳುವುದನ್ನು ನಾನು ಕೈಮುಗಿದು ಬೇಡವೆನ್ನುತ್ತೇನೆ.

ಗಿಡದ ಸಾರಗಳು ನಿಜವಾಗಿ ಉಪಕಾರಕ್ಕೆ ಬರಬಹುದೆಂದು ನನಗೆ ಅನ್ನಿಸುವ ಜಾಗ ಒಂದಿದೆ. ಅದರ ಬಗ್ಗೆ ಜನರಲ್ಲಿ ಮಾತೇ ಇಲ್ಲ. ಅದು ವೀರ್ಯವನ್ನು ಶೇಖರಿಸುವ ಕೆಲಸ. ಆಮ್ಲಜನಕ ಹೆಚ್ಚಾದ ವಾತಾವರಣದಲ್ಲಿ ಮನುಷ್ಯನ ವೀರ್ಯಾಣು ಚಲನೆ ಕಳೆದುಕೊಳ್ಳುತ್ತದೆ, ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕಿಣ್ವ ಸೇರಿಸಿದರೆ ಉಳಿದುಕೊಳ್ಳುತ್ತದೆ ಎಂದು ಜಾನ್ ಮೆಕ್ಲಿಯಡ್ 1943ರಲ್ಲಿ ತೋರಿಸಿದ್ದ. 1949ರಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಘನೀಕರಣವನ್ನು ತಾಳಿಕೊಳ್ಳುತ್ತದೆ ಎಂದು ಕಂಡರು. ಅಂದಿನಿಂದ ಜಾನುವಾರು ತಳಿ ಅಭಿವೃದ್ಧಿಯೇ ಬದಲಾಯಿತು. ಈಗ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡಬಹುದು. ಆದರೂ ಹೆಪ್ಪುಗಟ್ಟಿಸಿ ಕರಗಿಸುವಾಗ ದೊಡ್ಡ ಪಾಲು ಸಾಯುತ್ತದೆ, ಸಾವಿಗೆ ಉತ್ಕರ್ಷಣೆಯೂ ಒಂದು ಕಾರಣ. ಇಲ್ಲಿ ಹಸಿರು ಚಹಾ, ರೋಸ್‌ಮೆರಿ ಮುಂತಾದವುಗಳ ಸಾರವನ್ನು ಶೇಖರಣಾ ದ್ರಾವಣಕ್ಕೆ ಸೇರಿಸಿ ಹೋರಿ, ಟಗರು, ಹಂದಿಗಳ ವೀರ್ಯದಲ್ಲಿ ಪರೀಕ್ಷೆಗಳು ನಡೆದಿವೆ. ಹೊಟ್ಟೆ, ಯಕೃತ್ತು, ರಕ್ತ ಯಾವುದನ್ನೂ ದಾಟಬೇಕಿಲ್ಲ. ಸಾರ ನೇರವಾಗಿ ವೀರ್ಯಾಣುವನ್ನು ಮುಟ್ಟುತ್ತದೆ, ಪ್ರಮಾಣ ನಮ್ಮ ಕೈಯಲ್ಲೇ ಇರುತ್ತದೆ.

ಇಲ್ಲೂ ಪ್ರಮಾಣ ಮೀರುವಂತಿಲ್ಲ. ಸ್ವಲ್ಪ ಸೇರಿಸಿದಾಗ ಚಲನೆಯೂ ಉಳಿವೂ ಏರುತ್ತವೆ, ಇನ್ನಷ್ಟು ಸೇರಿಸಿದರೆ ಏರುವುದು ನಿಲ್ಲುತ್ತದೆ, ಮತ್ತಷ್ಟು ಸೇರಿಸಿದರೆ ಏನೂ ಸೇರಿಸದ ವೀರ್ಯಕ್ಕಿಂತಲೂ ಕೆಳಗಿಳಿಯುತ್ತದೆ. ಹಸಿರು ಚಹಾದ ಪಾಲಿಫಿನಾಲ್‌ಗಳಾದ ಕ್ಯಾಟೆಚಿನ್‌ಗಳು ದ್ರಾವಣದಲ್ಲಿ ತಾವೇ ಉತ್ಕರ್ಷಿಸಿಕೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಬಲ್ಲವು, ಅಂದರೆ ಕಾಯಲು ಬಂದದ್ದೇ ಕೊಲ್ಲಲು ಶುರುಮಾಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ವೀರ್ಯಾಣು ಅಂಡಾಣುವನ್ನು ಸೇರಲು ಸಜ್ಜಾಗುವ ಹಂತಕ್ಕೆ ಅತ್ಯಲ್ಪ ಪ್ರಮಾಣದ ಆಮ್ಲಜನಕದ ಉಗ್ರ ಅಣುಗಳೇ ಬೇಕು. ಅವನ್ನೆಲ್ಲ ಅಳಿಸಿಬಿಟ್ಟರೆ ವೀರ್ಯಾಣು ಬದುಕಿರುತ್ತದೆ, ಈಜುತ್ತದೆ, ಆದರೆ ಮುಖ್ಯ ಕೆಲಸಕ್ಕೆ ಅಣಿಯಾಗುವುದಿಲ್ಲ.

ಈಗ ನುಂಗುವ ಔಷಧಿಗಳು. ವೀರ್ಯಾಣು ತಯಾರಾಗಲು ವೃಷಣದಲ್ಲಿ ಸುಮಾರು 74 ದಿನ ಬೇಕು, ಆಮೇಲೆ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಬಲಿಯಲು ಇನ್ನೊಂದಿಷ್ಟು ದಿನ. ಆದ್ದರಿಂದ “ವಾರದಲ್ಲಿ ಎಣಿಕೆ ದುಪ್ಪಟ್ಟು” ಎಂಬ ಜಾಹೀರಾತು ಶರೀರಶಾಸ್ತ್ರಕ್ಕೇ ವಿರುದ್ಧ. ಅಶ್ವಗಂಧದ ಬೇರಿನ ಸಾರದ ಮೇಲೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಎಲ್ಲೆಡೆ ಉದ್ಧರಿಸುತ್ತಾರೆ: ವೀರ್ಯಾಣುಗಳ ಎಣಿಕೆ ಕಡಿಮೆಯಿದ್ದ 46 ಗಂಡಸರು, ಅವರಲ್ಲಿ 21 ಜನಕ್ಕೆ ದಿನಕ್ಕೆ 675 ಮಿಲಿಗ್ರಾಂ ಸಾರ, 90 ದಿನ. ಚಲನೆ ಶೇ. 57ರಷ್ಟು ಹೆಚ್ಚಿತು ಎಂದು ವರದಿ. ಕೇಳಲು ದೊಡ್ಡದು. ಒಳಗೆ ಹೋಗಿ ನೋಡಿದರೆ ಚಲಿಸುವ ವೀರ್ಯಾಣುಗಳ ಪಾಲು ನೂರಕ್ಕೆ ಸುಮಾರು 19 ಇದ್ದದ್ದು 29 ಆಗಿದೆ. ಏರಿಕೆಯೇನೋ ಹೌದು, ಆದರೆ ಮೊದಲು ಹೇಳಿದ 42ಕ್ಕಿಂತ ಇನ್ನೂ ಕೆಳಗೇ. 90 ದಿನ ಕೊಟ್ಟದ್ದು, ಹೋಲಿಕೆಗೆ ಹುಸಿಮಾತ್ರೆಯ ಗುಂಪನ್ನು ಇಟ್ಟದ್ದು ಸರಿಯಾದ ಕ್ರಮ. 21 ಜನರ ಮೇಲೆ ನಿಂತ ತೀರ್ಮಾನ ಮಾತ್ರ ತೆಳುವಾದದ್ದು. ಎಣಿಕೆ ಕಡಿಮೆ ಬಂದವರನ್ನೇ ಆರಿಸಿ ಮತ್ತೆ ಅಳೆದರೆ ಏನೂ ಕೊಡದಿದ್ದರೂ ಕೆಲವರಲ್ಲಿ ಸಂಖ್ಯೆ ಏರುತ್ತದೆ, ಏಕೆಂದರೆ ವೀರ್ಯದ ಎಣಿಕೆ ಒಬ್ಬನಲ್ಲೇ ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತದೆ. ಅಶ್ವಗಂಧ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಸಿಗಬೇಕಾದ ದೊಡ್ಡ, ಗಟ್ಟಿ ಪರೀಕ್ಷೆ ಸಿಗಬೇಕು ಎನ್ನುತ್ತಿದ್ದೇನೆ. ನಸುಗುನ್ನಿಯ ಬೀಜಕ್ಕೂ ಇದೇ ಮಾತು. ನೆಗ್ಗಿಲ ಮುಳ್ಳಿನ ಆಧಾರವಂತೂ ಇವೆರಡಕ್ಕಿಂತ ದುರ್ಬಲ.

ದೊಡ್ಡ ಪರೀಕ್ಷೆ ಏನು ಮಾಡಬಲ್ಲದು ಎಂಬುದಕ್ಕೆ ಗಿಡಮೂಲಿಕೆಯದ್ದಲ್ಲದ ಒಂದು ಉದಾಹರಣೆ ಸಾಕು. ಸತು ಮತ್ತು ಫೋಲಿಕ್ ಆಮ್ಲ ಕೊಟ್ಟರೆ ವೀರ್ಯ ಸುಧಾರಿಸುತ್ತದೆ ಎಂದು ಸಣ್ಣ ಅಧ್ಯಯನಗಳು ಹೇಳುತ್ತಲೇ ಇದ್ದವು. 2020ರಲ್ಲಿ 2,370 ದಂಪತಿಗಳ ಅಧ್ಯಯನ ಹೊರಬಂತು. ವೀರ್ಯದ ಗುಣವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಹೆಚ್ಚಲಿಲ್ಲ. ವೀರ್ಯಾಣುವಿನ ಡಿಎನ್‌ಎ ತುಂಡಾಗಿರುವ ಪ್ರಮಾಣ ಮಾತ್ರೆ ತೆಗೆದುಕೊಂಡವರಲ್ಲೇ ತುಸು ಹೆಚ್ಚಿತ್ತು.

ಗಿಡದ ವಸ್ತು ವೀರ್ಯಾಣುವಿನ ಮೇಲೆ ಬಲವಾಗಿ ಕೆಲಸ ಮಾಡಬಲ್ಲದೇ? ಖಂಡಿತ ಮಾಡಬಲ್ಲದು. ಹತ್ತಿಬೀಜದ ಗಾಸಿಪಾಲ್ ಅದಕ್ಕೆ ಸಾಕ್ಷಿ. ಶುದ್ಧೀಕರಿಸದ ಹತ್ತಿಬೀಜದ ಎಣ್ಣೆ ಬಳಸಿದ ಚೀನಾದ ಹಳ್ಳಿಗಳಲ್ಲಿ ಮಕ್ಕಳಾಗದಿರುವುದು ಕಂಡು, 1970ರ ದಶಕದಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಗಂಡಸರಿಗೆ ಗಾಸಿಪಾಲನ್ನು ಗರ್ಭನಿರೋಧಕ ಮಾತ್ರೆಯಾಗಿ ಕೊಟ್ಟು ನೋಡಿದರು. ಮಾತ್ರೆ ಕೆಲಸ ಮಾಡಿತು. ಜೊತೆಗೆ ಕೆಲವರಲ್ಲಿ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿಯಿತು, ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ವೀರ್ಯಾಣು ಮರಳಲೇ ಇಲ್ಲ. ಕೊನೆಗೆ ಆ ಹಾದಿಯನ್ನೇ ಬಿಡಬೇಕಾಯಿತು. ಪಪ್ಪಾಯಿ ಬೀಜದ ಕ್ಲೋರೋಫಾರ್ಮ್ ಸಾರ ಲಂಗೂರ್ ಕೋತಿಗಳಲ್ಲಿ ವೀರ್ಯಾಣುಗಳನ್ನು ಇಲ್ಲವಾಗಿಸಿತು, ನಿಲ್ಲಿಸಿದಾಗ ಅವು ಮರಳಿದವು. ಚೀನಾದ ಟ್ರಿಪ್ಟೆರಿಜಿಯಂ ಬಳ್ಳಿಯಿಂದ ದೊರೆಯುವ ಟ್ರಿಪ್ಟೊನೈಡ್ ಇಲಿಗಳಲ್ಲೂ ಕೋತಿಗಳಲ್ಲೂ ವೀರ್ಯಾಣುವಿನ ಆಕಾರವನ್ನೇ ಕೆಡಿಸಿ ಓಟ ನಿಲ್ಲಿಸುತ್ತದೆ, ಬಿಟ್ಟರೆ ಸರಿಹೋಗುತ್ತದೆ ಎಂದು 2021ರಲ್ಲಿ ವರದಿಯಾಯಿತು. ಗಂಡಸರಿಗೆ ಮಾತ್ರೆಯ ರೂಪದ ಗರ್ಭನಿರೋಧಕ ಇನ್ನೂ ಇಲ್ಲದಿರುವಾಗ ನನಗೆ ಬಹಳ ಆಸೆ ಹುಟ್ಟಿಸುವ ದಾರಿ ಇದು.

ಅದೇ ಬಳ್ಳಿಯ ಪ್ರಿಸ್ಟಿಮೆರಿನ್, ಮತ್ತು ಹಲವು ಗಿಡಗಳಲ್ಲಿರುವ ಲುಪಿಯಾಲ್, ವೀರ್ಯಾಣುವಿನ ಬಾಲದಲ್ಲಿನ ಕ್ಯಾಟ್‌ಸ್ಪರ್ ಎಂಬ ಕ್ಯಾಲ್ಸಿಯಂ ಬಾಗಿಲು, ಹೆಣ್ಣಿನ ಹಾರ್ಮೋನಾದ ಪ್ರೊಜೆಸ್ಟರಾನ್‌ನಿಂದ ತೆರೆಯುವುದನ್ನು ತಡೆಯುತ್ತವೆ ಎಂದು 2017ರಲ್ಲಿ ಒಂದು ತಂಡ ಹೇಳಿತು. ಮರುವರ್ಷ ಇನ್ನೊಂದು ತಂಡ ಪರೀಕ್ಷಿಸಿ, ತಮಗೆ ಹಾಗೆ ಕಾಣಲಿಲ್ಲ ಎಂದಿತು. ವಿಜ್ಞಾನ ಕೆಲಸ ಮಾಡಬೇಕಾದ್ದೇ ಹೀಗೆ. ಗಿಡಮೂಲಿಕೆಯ ಬಹುಪಾಲು ಅಧ್ಯಯನಗಳಿಗೆ ಈ ಎರಡನೆಯ ತಂಡವೇ ಸಿಗುವುದಿಲ್ಲ ಎಂಬುದು ನನ್ನ ಕೊರಗು.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಎರಡು ಮಾತು. ಸಾರ ಸುರಿದಾಗ ವೀರ್ಯಾಣು ನಿಂತರೆ ಗಿಡವೇ ಕಾರಣ ಎಂದು ಬರೆಯಬೇಡಿ. ಸಾರದ ಹುಳಿ ಹೆಚ್ಚಿದ್ದರೂ ನಿಲ್ಲುತ್ತದೆ, ದ್ರಾವಣದ ಲವಣಾಂಶ ಹೆಚ್ಚುಕಡಿಮೆಯಾದರೂ ನಿಲ್ಲುತ್ತದೆ, ತೆಗೆಯಲು ಬಳಸಿದ ಎಥನಾಲ್ ಉಳಿದಿದ್ದರೂ ನಿಲ್ಲುತ್ತದೆ. ಸಾರವಿಲ್ಲದ ಅದೇ ದ್ರಾವಕವನ್ನು ಪಕ್ಕದಲ್ಲಿ ಇಡಲೇಬೇಕು, ಉಷ್ಣತೆ 37 ಡಿಗ್ರಿಯಿಂದ ಕದಲಬಾರದು, ಎಣಿಸುವವರಿಗೆ ಯಾವ ತಟ್ಟೆಯಲ್ಲಿ ಏನಿದೆ ಎಂದು ತಿಳಿಯಬಾರದು. ಗಿಡದ ಯಾವ ಭಾಗ, ಯಾವ ಕಾಲದಲ್ಲಿ ಕಿತ್ತದ್ದು ಎಂದು ಬರೆದು, ಒಣಗಿಸಿದ ಮಾದರಿಯೊಂದನ್ನು ಸಸ್ಯಸಂಗ್ರಹಾಲಯದಲ್ಲಿ ಇಡದಿದ್ದರೆ ಮುಂದಿನವರು ಅದೇ ಪ್ರಯೋಗವನ್ನು ಮಾಡಿ ನೋಡುವುದಾದರೂ ಹೇಗೆ?

ಮುಗಿಸುವ ಮುನ್ನ ಸಭೆಯಿಂದ ಬಂದ ಚೀಟಿಯೊಂದಕ್ಕೆ ಉತ್ತರಿಸುತ್ತೇನೆ. “ನಾವು ಈಗಾಗಲೇ ಒಂದು ಪುಡಿ ತೆಗೆದುಕೊಳ್ಳುತ್ತಿದ್ದೇವೆ, ಏನು ಮಾಡಲಿ?” ಎಂದು ಬರೆದಿದ್ದಾರೆ. ಹೆದರಬೇಡಿ, ಮುಚ್ಚಿಡಲೂ ಬೇಡಿ. ಡಬ್ಬಿಯನ್ನೇ ವೈದ್ಯರ ಬಳಿ ಒಯ್ದು ತೋರಿಸಿ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ, ಹಾಗಾಗಿ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ತಕ್ಷಣ ನಿಲ್ಲಿಸಿ. ಗಂಡಸರ ಶಕ್ತಿಗೆಂದು ಮಾರುವ ಕೆಲವು “ಗಿಡಮೂಲಿಕೆ” ಉತ್ಪನ್ನಗಳಲ್ಲಿ ಹೇಳದೆ ಸಿಲ್ಡೆನಾಫಿಲ್ (ನಿಮಿರು ದೌರ್ಬಲ್ಯಕ್ಕೆ ಕೊಡುವ ಔಷಧಿ) ಬೆರೆಸಿದ್ದು ಪತ್ತೆಯಾಗಿದೆ, ಹೃದಯದ ಔಷಧಿ ತೆಗೆದುಕೊಳ್ಳುವವರಿಗೆ ಅದು ಅಪಾಯ. ಟೆಸ್ಟೊಸ್ಟೆರಾನ್ ಚುಚ್ಚುಮದ್ದು ವೀರ್ಯಾಣುವನ್ನು ಹೆಚ್ಚಿಸುವುದಿಲ್ಲ, ಅದರ ತಯಾರಿಯನ್ನೇ ನಿಲ್ಲಿಸಬಲ್ಲದು. ಒಂದೇ ವರದಿ ನೋಡಿ ತೀರ್ಮಾನಕ್ಕೆ ಬರಬೇಡಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ವೃಷಣದ ಸುತ್ತ ರಕ್ತನಾಳ ಉಬ್ಬಿದೆಯೇ ಎಂದು ವೈದ್ಯರು ಕೈಯಿಂದ ಪರೀಕ್ಷಿಸಲಿ, ಅದು ಸಾಮಾನ್ಯವಾಗಿ ಸಿಗುವ, ಚಿಕಿತ್ಸೆಯೂ ಇರುವ ಕಾರಣ. ಹೆಂಡತಿಯ ತಪಾಸಣೆಯೂ ಜೊತೆಜೊತೆಗೇ ನಡೆಯಲಿ, ಅವರ ವಯಸ್ಸಿಗೆ ನಿಮ್ಮ ಪುಡಿಯ ಫಲಿತಾಂಶ ಕಾಯುವಷ್ಟು ಪುರುಸೊತ್ತು ಇರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಪುಡಿಯನ್ನು ಮುಂದುವರಿಸಲು ವೈದ್ಯರು ಒಪ್ಪಿದರೆ ಶುರುಮಾಡಿದ ದಿನಾಂಕ ಬರೆದಿಟ್ಟುಕೊಳ್ಳಿ, ಮೂರು ತಿಂಗಳು ತುಂಬಿದ ಮೇಲೆ ಅದೇ ಪ್ರಯೋಗಾಲಯದಲ್ಲಿ, ಹಿಂದಿನ ವೀರ್ಯಸ್ಖಲನದಿಂದ ಮೊದಲ ಸಲದಷ್ಟೇ ದಿನಗಳ ಅಂತರ ಇಟ್ಟು ಮತ್ತೆ ಪರೀಕ್ಷೆ ಮಾಡಿಸಿ.